ಕಲಬುರಗಿಯಲ್ಲಿ ಗೆಸ್ಟಾಲ್ಟ್ ಥೆರಪಿ: ಬುದ್ಧಿವಾದ ಬೇಕಿದ್ದವರು ಇಲ್ಲಿಗೆ ಹೋಗಬೇಡಿ

ಸೇಡಂ ರಸ್ತೆ ಕಡೆ ಇರುವ ಈ ಕೌನ್ಸೆಲಿಂಗ್ ಸೆಂಟರ್‌ಗೆ ನಾನು ಕೊಡುವುದು ಐದಕ್ಕೆ ನಾಲ್ಕು ಸ್ಟಾರ್. ಇಲ್ಲಿ ನಡೆಯುವುದು ಗೆಸ್ಟಾಲ್ಟ್ ಥೆರಪಿ, ಅಂದರೆ ಮಾತುಕತೆಯಿಂದ ಮನಸ್ಸಿಗೆ ಚಿಕಿತ್ಸೆ ಕೊಡುವ ಒಂದು ಪದ್ಧತಿ. "ಹೀಗೆ ಮಾಡಿ, ಹಾಗೆ ಮಾಡಬೇಡಿ" ಅಂತ ಯಾರಾದರೂ ಹೇಳಲಿ ಅಂತ ಹೋದರೆ ನಿರಾಸೆ ಆಗುತ್ತದೆ, ಯಾಕಂದ್ರೆ ಇಲ್ಲಿನ ಥೆರಪಿಸ್ಟ್ ಮೇಡಂ ಬುದ್ಧಿ ಹೇಳುವುದೇ ಇಲ್ಲ. ಆದರೆ ಒಳಗೆ ಏನೋ ಒಂದು ಮಾತು ವರ್ಷಗಟ್ಟಲೆ ಹಾಗೇ ಉಳಿದಿದೆ, ಅದನ್ನು ಕೇಳಬೇಕಾದವರು ಈಗ ಎದುರಿಗಿಲ್ಲ ಅನ್ನುವವರು ಖಂಡಿತ ಹೋಗಿ.

ನಾನು ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಪ ತೀರಿಕೊಂಡ ಮೇಲೆ ನಿದ್ದೆ ಕೆಟ್ಟಿತು. ಬೆಳಿಗ್ಗೆ ಎದ್ದರೆ ದವಡೆ ನೋವು. ರಾತ್ರಿ ಹಲ್ಲು ಕಡಿಯುತ್ತೀರಿ ಅಂದರು ಹಲ್ಲಿನ ಡಾಕ್ಟರ್. ಮೊದಲು ಬೇರೆ ಒಬ್ಬರ ಹತ್ತಿರ ಹೋಗಿದ್ದೆ, ಅವರು ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ ಪಾಸಿಟಿವ್ ಆಗಿ ಯೋಚಿಸಿ, ವಾಕಿಂಗ್ ಮಾಡಿ, ದೇವರ ಮೇಲೆ ಭಾರ ಹಾಕಿ ಅಂತ ಹೇಳಿ ಕಳಿಸಿಬಿಟ್ಟರು. ಈ ಸೆಂಟರ್‌ನಲ್ಲಿ ಮೊದಲ ದಿನ ನಾನು ಹಳೇ ಕಥೆ ಶುರು ಮಾಡಿದಾಗ ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ: "ಇದೆಲ್ಲ ಹೇಳ್ಲಿಕತ್ತಾಗ, ಈಗ, ಇಲ್ಲಿ ಕುಂತಲ್ಲಿ, ನಿಮಗ ಏನ್ ಆಗ್ಲಿಕತ್ತದರೀ?"

ಇಡೀ ಗೆಸ್ಟಾಲ್ಟ್ ಪದ್ಧತಿ ನಿಂತಿರುವುದು ಈ ಪ್ರಶ್ನೆಯ ಮೇಲೆ. ಹಳೆಯದನ್ನು ಕೆದಕಿ ಕಾರಣ ಹುಡುಕುವುದಕ್ಕಿಂತ, ಹಳೆಯದು ಈ ಕ್ಷಣದಲ್ಲಿ ನಿಮ್ಮ ಉಸಿರಲ್ಲಿ, ದನಿಯಲ್ಲಿ, ಕೈಯಲ್ಲಿ ಹೇಗೆ ಕಾಣುತ್ತಿದೆ ಅಂತ ನೋಡುತ್ತಾರೆ. "ಯಾಕೆ" ಅನ್ನುವ ಪ್ರಶ್ನೆ ಬಹಳ ಕಡಿಮೆ. "ಏನು", "ಹೇಗೆ" ಜಾಸ್ತಿ. ನನಗೆ ಇದು ಹಿಡಿಸಿತು, ಯಾಕೆ ಅಂತ ಕೇಳಿದರೆ ನಾವು ವಾದ ಶುರು ಮಾಡುತ್ತೇವೆ ಅಲ್ವಾ?

ಫ್ರಿಟ್ಜ್ ಪರ್ಲ್ಸ್ ಮತ್ತು ಅವರ ಹೆಂಡತಿ ಲಾರಾ ಪರ್ಲ್ಸ್ ಇದನ್ನು ಕಟ್ಟಿದವರು. ಯಹೂದಿಗಳಾಗಿದ್ದ ಇವರು 1933ರಲ್ಲಿ ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ, ಅಲ್ಲಿಂದ ನ್ಯೂಯಾರ್ಕ್‌ಗೆ ಹೋದರು. ಮೂಲ ಪುಸ್ತಕ ಬಂದದ್ದು 1951ರಲ್ಲಿ, ಪರ್ಲ್ಸ್ ಜೊತೆ ಹೆಫರ್‌ಲೈನ್, ಪಾಲ್ ಗುಡ್‌ಮನ್ ಸೇರಿ ಬರೆದದ್ದು. ಫ್ರಿಟ್ಜ್‌ನ 1960ರ ದಶಕದ ವಿಡಿಯೋಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಅವನ್ನು ನೋಡಿ ಹೆದರಬೇಡಿ. ಎದುರಿಗೆ ಕೂತವರನ್ನು ಚುಚ್ಚಿ ಚುಚ್ಚಿ ಮಾತಾಡಿಸುವ ಆ ರೀತಿ ಇಲ್ಲಿ ಇಲ್ಲವೇ ಇಲ್ಲ. ಲಾರಾ ಅವರದು ಮೆತ್ತಗಿನ ದಾರಿ, ಎದುರಿನವರಿಗೆ ಎಷ್ಟು ಬೇಕೋ ಅಷ್ಟೇ ಆಸರೆ ಕೊಡುವುದು. ಮೇಡಂ ನಡೆಯುವುದು ಆ ದಾರಿಯಲ್ಲಿ.

ಗೆಸ್ಟಾಲ್ಟ್‌ನಲ್ಲಿ ಬರುವ ಆಕೃತಿ (ಮನಸ್ಸಿಗೆ ಎದ್ದು ಕಾಣುವುದು), ಹಿನ್ನೆಲೆ (ಹಿಂದೆ ಸರಿದ ಉಳಿದದ್ದೆಲ್ಲ) ಅನ್ನುವ ವಿಚಾರವನ್ನು ಅವರು ತಿಳಿಸಿದ್ದು ನಮ್ಮೂರಿನ ಬಿಸಿಲಿನಿಂದಲೇ. ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್‌ನಲ್ಲಿ ಬಾಯಾರಿ ನಿಂತಿದ್ದೀರಿ. ಅಷ್ಟು ಅಂಗಡಿ, ಅಷ್ಟು ಜನ, ಆಟೋಗಳ ಗದ್ದಲ, ಅದರ ನಡುವೆ ಕಣ್ಣಿಗೆ ಬೀಳುವುದು ಶರಬತ್ತಿನ ಬಂಡಿ ಒಂದೇ. ಕುಡಿದ ಮೇಲೆ ಬಂಡಿ ಹಿಂದೆ ಸರಿಯುತ್ತದೆ, ಇನ್ನೊಂದು ಅಗತ್ಯ ಮುಂದೆ ಬರುತ್ತದೆ. ಆರೋಗ್ಯವಾಗಿರುವ ಮನಸ್ಸು ಹೀಗೆ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಎಲ್ಲೋ ಒಂದು ಮುಗಿಯದೆ ಉಳಿದರೆ ಅದು ಹಿಂದೆ ಸರಿಯುವುದಿಲ್ಲ. ಊಟ ಮಾಡುವಾಗ, ಲೆಕ್ಕ ಬರೆಯುವಾಗ, ಮಗಳ ಜೊತೆ ಮಾತಾಡುವಾಗ ನಡುವೆ ನಡುವೆ ಬಂದು ನಿಲ್ಲುತ್ತದೆ. ಇದಕ್ಕೆ ಮುಗಿಯದ ವ್ಯವಹಾರ ಅನ್ನುತ್ತಾರೆ.

ನನ್ನದು ಜೇವರ್ಗಿ ಕಡೆಯ ಹೊಲದ ವಿಷಯ. ನನ್ನನ್ನು ಒಂದು ಮಾತು ಕೇಳದೆ ಅಪ್ಪ ಮಾರಿದರು. ನಾನು ಮಾತು ಬಿಟ್ಟೆ. ಮಾತು ಮತ್ತೆ ಶುರುವಾಗುವ ಮೊದಲೇ ಅವರು ಹೋದರು.

ಮೇಡಂ ಒಂದು ಖಾಲಿ ಕುರ್ಚಿ ಎದುರಿಗೆ ಇಟ್ಟರು. ಈ ಖಾಲಿ ಕುರ್ಚಿ ಮೊದಲು ಜೇಕಬ್ ಮೊರೆನೊ ಅವರ ಸೈಕೋಡ್ರಾಮಾದಲ್ಲಿ, ಅಂದರೆ ಪಾತ್ರ ಮಾಡಿಸಿ ಕೊಡುವ ಚಿಕಿತ್ಸೆಯಲ್ಲಿ, ಇದ್ದದ್ದು, ಪರ್ಲ್ಸ್ ಕೈಗೆ ಬಂದ ಮೇಲೆ ಹೆಸರಾಯಿತು. "ಅಪ್ಪಾವರು ಇಲ್ಲಿ ಕುಂತಾರ ಅಂತ ತಿಳ್ಕೋರಿ. ಅವರ ಬಗ್ಗೆ ನನಗ ಹೇಳಬ್ಯಾಡ್ರಿ, ಅವರಿಗೇ ಹೇಳ್ರಿ." ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ "ಅಪ್ಪಾ, ಹೊಲ ಮಾರುವಾಗ ನನ್ನ ಯಾಕ ಕೇಳಲಿಲ್ಲ ನೀ" ಅಂದೆ. "ಕೈ ಎಲ್ಲದ ನೋಡ್ರಿ" ಅಂದರು ಮೇಡಂ. ನನ್ನ ಕೈ ನನ್ನದೇ ಗಂಟಲು ಹಿಡಿದಿತ್ತು. ಬೇರೆಯವರಿಗೆ ತೋರಿಸಬೇಕಾದ ಸಿಟ್ಟನ್ನು ನಮ್ಮ ಮೈಗೇ ತಿರುಗಿಸಿಕೊಳ್ಳುವುದಕ್ಕೆ ರೆಟ್ರೋಫ್ಲೆಕ್ಷನ್ ಅಂತಾರಂತೆ. ದವಡೆ ನೋವಿಗೂ ಇದಕ್ಕೂ ನಂಟಿದೆ ಅಂತ ನನಗೆ ಅನಿಸಿತು, ಅವರು ಹಾಗಂತ ತೀರ್ಪು ಕೊಡಲಿಲ್ಲ. ಆಮೇಲೆ ನನ್ನನ್ನೇ ಆ ಕುರ್ಚಿಯಲ್ಲಿ ಕೂರಿಸಿ ಅಪ್ಪನಾಗಿ ಉತ್ತರ ಕೊಡಿಸಿದರು. "ತಮ್ಮಾ, ಸಾಲದವ್ರು ಮನಿಗಿ ಬಂದಿದ್ರು, ನಿನ್ನ ಮುಂದ ಹ್ಯಾಂಗ್ ಹೇಳಲಿ" ಅನ್ನುವ ಮಾತು ನನ್ನ ಬಾಯಿಂದಲೇ ಬಂತು. ಸಾಲದ ಸಂಗತಿ ನನಗೆ ಗೊತ್ತಿತ್ತು. ಅಪ್ಪನ ನಾಚಿಕೆಯನ್ನು ಮಾತ್ರ ನಾನು ಆವತ್ತಿನವರೆಗೆ ಯೋಚಿಸಿರಲಿಲ್ಲ. ನಾನು ಅತ್ತುಬಿಟ್ಟೆ. ಮೇಡಂ ಸುಮ್ನೆ ಕೂತಿದ್ದರು, ಅಳಬೇಡಿ ಅನ್ನಲಿಲ್ಲ.

ಇದು ನಾಟಕ ಅಂತ ಅನ್ನುವವರಿದ್ದಾರೆ. ಅವರಿಗೆ ಹೇಳುವುದೇನಂದರೆ, 1995ರಲ್ಲಿ ಪೈವಿಯೊ ಮತ್ತು ಗ್ರೀನ್‌ಬರ್ಗ್ ಅನ್ನುವ ಸಂಶೋಧಕರು ಇದೇ ಖಾಲಿ ಕುರ್ಚಿಯ ಮಾತುಕತೆಯನ್ನು ಮುಗಿಯದ ವ್ಯವಹಾರ ಇದ್ದವರ ಮೇಲೆ ಪರೀಕ್ಷೆ ಮಾಡಿ, ಒಳ್ಳೆ ಫಲ ಕಂಡಿದ್ದಾರೆ. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಇನ್ನೊಂದು ಚಿಕಿತ್ಸೆ) ಮೇಲೆ ಆದಷ್ಟು ಸಂಶೋಧನೆ ಗೆಸ್ಟಾಲ್ಟ್ ಮೇಲೆ ಆಗಿಲ್ಲ ಅನ್ನುವುದೂ ನಿಜ, ಮೇಡಂ ಇದನ್ನು ತಾವೇ ಮೊದಲು ಹೇಳಿದರು. ಅದಕ್ಕೇ ನಂಬಿಕೆ ಬಂತು.

ಇನ್ನೊಂದು ದಿನ "ಗಂಡಸು ಅಳಬಾರದು", "ಹಿರೇಮಗ ಎಲ್ಲ ತಡ್ಕೋಬೇಕು" ಅನ್ನುವ ಮಾತುಗಳನ್ನು ಹಿಡಿದುಕೊಂಡು ಕೂತೆವು. ಬೇರೆಯವರ ಮಾತನ್ನು ಪರೀಕ್ಷೆ ಮಾಡದೆ ಒಳಗೆ ಇಳಿಸಿಕೊಳ್ಳುವುದು ಇಂಟ್ರೊಜೆಕ್ಷನ್. ಕಡಕ್ ರೊಟ್ಟಿ ಅಗಿಯದೆ ನುಂಗಿದ ಹಾಗೆ ಅಂದರು ಮೇಡಂ, ಮೈಗೆ ಹತ್ತುವುದಿಲ್ಲ, ಗಂಟಲಲ್ಲಿ ಚುಚ್ಚುತ್ತದೆ. ಹಾಗಂತ ಅಪ್ಪ-ಅವ್ವ ಹೇಳಿದ್ದನ್ನೆಲ್ಲ ಉಗುಳಿಬಿಡಿ ಅಂತಲ್ಲ. ಅಗಿದು ನೋಡಿ, ಬೇಕಾದದ್ದು ಇಟ್ಟುಕೊಳ್ಳಿ ಅಂತ. ನಾನು ನಗುತ್ತಾ ವಿಷಯ ಬದಲಿಸಿದಾಗಲೂ ಬಿಡುತ್ತಿರಲಿಲ್ಲ, "ಈಗ ನಕ್ರಿ, ಏನ್ ಮುಚ್ಚಿದ್ರಿ?" ಅಂತ ಮೆಲ್ಲಗೆ ಕೇಳುತ್ತಿದ್ದರು.

ಬೇಗ ಸರಿಯಾಗಬೇಕು ಅಂತ ನಾನು ಅವಸರ ಮಾಡುತ್ತಿದ್ದಾಗ ಆರ್ನಾಲ್ಡ್ ಬೈಸರ್ ಅನ್ನುವವರ ಬಗ್ಗೆ ಹೇಳಿದರು. ಟೆನಿಸ್ ಆಡುತ್ತಿದ್ದ ಡಾಕ್ಟರ್, ಪೋಲಿಯೊ ಬಂದು ಮೈ ಕೈ ಸೋತವು, ಆಮೇಲೆ ಮನೋವೈದ್ಯರಾದರು. ಅವರು 1970ರಲ್ಲಿ ಒಂದು ಚಿಕ್ಕ ಲೇಖನ ಬರೆದರು. ಮನುಷ್ಯ ತಾನಲ್ಲದ್ದು ಆಗಲು ಹೊರಟರೆ ಬದಲಾಗುವುದಿಲ್ಲ, ಈಗ ಏನಾಗಿದ್ದಾನೋ ಅದನ್ನು ಪೂರ್ತಿ ಒಪ್ಪಿಕೊಂಡಾಗ ಬದಲಾಗುತ್ತಾನೆ ಅನ್ನುವುದು ಅದರ ಸಾರ. ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದ ವಿಚಾರ ಇದು.

ಈಗ ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣ. ಒಳಗಿನ ಕೋಣೆಗೂ ಕಾಯುವ ಜಾಗಕ್ಕೂ ನಡುವೆ ಇರುವುದು ಪ್ಲೈವುಡ್ ಗೋಡೆ. ಹೊರಗೆ ಕೂತಿದ್ದಾಗ ಒಳಗಿನವರು ಅಳುವುದು ನನಗೆ ಕೇಳಿಸಿತು, ಹಾಗಾದರೆ ನನ್ನದೂ ಹೊರಗೆ ಕೇಳಿಸಿದೆ ಅಂತಾಯಿತು. ಇದು ಸಣ್ಣ ವಿಷಯ ಅಲ್ಲ. ನಮ್ಮೂರಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಇಂಥ ಕಡೆ ಗುಟ್ಟು ಉಳಿಯುತ್ತದೆ ಅನ್ನುವ ಭರವಸೆ ಇಲ್ಲದಿದ್ದರೆ ಜನ ಮೆಟ್ಟಿಲು ಹತ್ತುವುದೇ ಇಲ್ಲ. ದಯವಿಟ್ಟು ಇದನ್ನು ಮೊದಲು ಸರಿಮಾಡಿ ಮೇಡಂ. ಫೀಸ್ 50 ನಿಮಿಷಕ್ಕೆ 700 ರೂಪಾಯಿ, ನನ್ನಂಥ ಸಂಬಳದವನಿಗೆ ಭಾರವೇ. ಆದರೆ ವಿದ್ಯಾರ್ಥಿಗಳಿಗೆ ಕಡಿಮೆ ಮಾಡುತ್ತಾರೆ.

ಯಾರು ಇಲ್ಲಿಗೆ ಹೋಗಬಾರದು ಅಂತಲೂ ಹೇಳಬೇಕು. ಇಲ್ಲದ ದನಿ ಕೇಳಿಸುತ್ತಿದ್ದರೆ, ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದರೆ, ಖಾಲಿ ಕುರ್ಚಿಗೆ ಕಾಯಬೇಡಿ. ನೇರ ಮನೋವೈದ್ಯರ ಹತ್ತಿರ ಹೋಗಿ, ಅಥವಾ ಟೆಲಿ ಮಾನಸ್‌ಗೆ 14416 ನಂಬರ್‌ಗೆ ಫೋನ್ ಮಾಡಿ. ಅದು ಸರ್ಕಾರದ್ದು, ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಸಂಜೆಯ ಸಮಯಕ್ಕೆ ಬೇಡಿಕೆ ಜಾಸ್ತಿ, ಮೊದಲೇ ಫೋನ್ ಮಾಡಿ ಹೇಳಿಡಿ. ಮಂಡಿ ನೋವಿನವರು ಗಮನಿಸಿ, ಎರಡನೇ ಮಹಡಿ, ಲಿಫ್ಟ್ ಇಲ್ಲ.