ಸಂಸದೀಯ ಕಾರ್ಯಾಂಗವೋ, ಅಧ್ಯಕ್ಷೀಯ ಕಾರ್ಯಾಂಗವೋ?

ಇವೆರಡರಲ್ಲಿ ಒಂದನ್ನು ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ: ಸರ್ಕಾರವನ್ನು ಅವಧಿಯ ನಡುವೆ ಇಳಿಸುವ ಅಧಿಕಾರ ಯಾರ ಕೈಯಲ್ಲಿರಬೇಕು?

ಸಂಸದೀಯ ಪದ್ಧತಿಯಲ್ಲಿ ಪ್ರಧಾನಿಯನ್ನು ಜನ ನೇರವಾಗಿ ಆರಿಸುವುದಿಲ್ಲ. ಕೆಳಮನೆಯ ವಿಶ್ವಾಸ ಇರುವವರೆಗೆ ಮಾತ್ರ ಆ ಕುರ್ಚಿ. ರಾಜ ಅಥವಾ ರಾಷ್ಟ್ರಪತಿ ಹೆಸರಿಗೆ ಮುಖ್ಯಸ್ಥರು, ಆಡಳಿತ ನಡೆಸುವುದು ಸಚಿವ ಸಂಪುಟ. ಸಂಪುಟದ ಒಳಗೆ ಎಷ್ಟೇ ವಾದವಾಗಲಿ, ಹೊರಗೆ ಒಂದೇ ಮಾತು. ಒಪ್ಪಲಾಗದ ಸಚಿವರು ರಾಜೀನಾಮೆ ಕೊಟ್ಟು ಹೊರನಡೆಯಬೇಕು. 1979ರ ಮಾರ್ಚ್ 28ರ ರಾತ್ರಿ ಬ್ರಿಟನ್ನಿನ ಜೇಮ್ಸ್ ಕ್ಯಾಲಹನ್ ಸರ್ಕಾರಕ್ಕೆ ಬಿದ್ದ ಮತ 310, ವಿರುದ್ಧ 311. ಒಂದೇ ಮತಕ್ಕೆ ಸರ್ಕಾರ ಬಿತ್ತು, ಚುನಾವಣೆ ಬಂತು. ಉತ್ತರದಾಯಿತ್ವ ಅಂದರೆ ಇದೇ ಎಂದು ನಾನು ನಂಬುತ್ತೇನೆ.

ಅಮೆರಿಕದ ಅಧ್ಯಕ್ಷರಿಗೆ ಈ ಆತಂಕವಿಲ್ಲ. ನಾಲ್ಕು ವರ್ಷ ಗಟ್ಟಿ. ವಾಗ್ದಂಡನೆಯಿಂದ ಇಳಿಸಲು ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. ಇದುವರೆಗೆ ಯಾವ ಅಧ್ಯಕ್ಷರೂ ಹಾಗೆ ಪದಚ್ಯುತರಾಗಿಲ್ಲ. ಸ್ಥಿರತೆ ಬೇಕೆನ್ನುವವರಿಗೆ ಇದು ಹಿಡಿಸುತ್ತದೆ. ಆದರೆ ಅಧ್ಯಕ್ಷರಿಗೂ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೂ ಜಟಾಪಟಿಯಾದರೆ ಬಿಡಿಸುವವರಿಲ್ಲ. 2018–19ರಲ್ಲಿ ಬಜೆಟ್ ಹಟದಿಂದ ಸರ್ಕಾರದ ಹಲವು ಕಚೇರಿಗಳು 35 ದಿನ ಮುಚ್ಚಿದ್ದವು.

ಸಂಸದೀಯ ಪದ್ಧತಿಯಲ್ಲೂ ತೊಡಕಿದೆ. ಸಮ್ಮಿಶ್ರ ಮಾತುಕತೆ ಕುದುರದೆ ಬೆಲ್ಜಿಯಂ 2010–11ರಲ್ಲಿ 541 ದಿನ ಹಂಗಾಮಿ ಸರ್ಕಾರದಲ್ಲೇ ಕಳೆಯಿತು.

ನನ್ನನ್ನು ಕೇಳಿದರೆ, ಜರ್ಮನಿಯ ದಾರಿ ಹಿಡಿಯಿರಿ. ಅಲ್ಲಿ ಚಾನ್ಸಲರ್ (ಅಂದರೆ ಅಲ್ಲಿನ ಪ್ರಧಾನಿ) ಅವರನ್ನು ಅವಿಶ್ವಾಸದಿಂದ ಇಳಿಸಬೇಕಾದರೆ ಅದೇ ಮತದಾನದಲ್ಲಿ ಉತ್ತರಾಧಿಕಾರಿಯನ್ನೂ ಆರಿಸಬೇಕು. 1982ರಲ್ಲಿ ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಹೀಗೆ. ಕುರ್ಚಿ ಒಂದು ದಿನವೂ ಖಾಲಿ ಬೀಳಲಿಲ್ಲ.