ಜಿಪ್ಸಿಯ ಕ್ರೌನ್‌ಗೆ ಶೆಲ್ ಸ್ಪಿರಾಕ್ಸ್ ಎಸ್2 ಎ 80ಡಬ್ಲ್ಯು-90: ಒಂದು ಮಳೆಗಾಲ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಆಯಿಲ್ ಚೆನ್ನಾಗಿದೆ. ನಮ್ಮ ಕಡೆ ಓಡುವ ಜಿಪ್ಸಿಗೆ ಇದಕ್ಕಿಂತ ದುಬಾರಿಯದು ಬೇಕಾಗಿಲ್ಲ. ಗಾಡಿ ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್ ಇಂಜಿನ್. ಓಡುವುದು ಸಕಲೇಶಪುರದ ಕಡೆಯ ತೋಟದ ರಸ್ತೆಗಳಲ್ಲಿ, ಮಳೆಗಾಲ ಪೂರ್ತಿ ಕೆಸರು, ನಡುನಡುವೆ ಹಳ್ಳ ದಾಟುವುದು, ಆಗಾಗ ಬೆಂಗಳೂರಿಗೆ ಹೋಗಿ ಬರುವ ಹೈವೇ ಓಟ. ಮಳೆಗಾಲಕ್ಕೆ ಮುಂಚೆ ಹಿಂದೆ ಮುಂದೆ ಎರಡೂ ಕ್ರೌನ್‌ಗೆ, ಅಂದರೆ ಆಕ್ಸಲ್ ನಡುವೆ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿಗೆ, ಹಾಕಿಸಿದ್ದೆ, ಮಳೆ ಮುಗಿದ ಮೇಲೆ ಬಿಚ್ಚಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಹಳೇ ಥಾರ್, ಫೋರ್ ಬೈ ಫೋರ್ ಬೊಲೆರೋ, ಎಂಎಂ540 ಇಟ್ಟುಕೊಂಡವರಿಗೂ ಹೊಂದುತ್ತದೆ.

ಕೊಳ್ಳುವಾಗ ಆ ಹೆಸರಿನಲ್ಲಿರುವ 'ಎ' ಅಕ್ಷರ ಇದೆಯಾ ನೋಡಿ. ಇದು ತುಂಬಾ ಮುಖ್ಯ. ಇದೇ ಶೆಲ್‌ನಲ್ಲಿ ಸ್ಪಿರಾಕ್ಸ್ ಎಸ್2 ಜಿ 80ಡಬ್ಲ್ಯು-90 ಅಂತ ಇನ್ನೊಂದಿದೆ. ಎರಡೂ 80ಡಬ್ಲ್ಯು-90, ಹೆಸರೂ ಹೆಚ್ಚುಕಮ್ಮಿ ಒಂದೇ. ಆದರೆ ಎ ಇರುವುದು ಆಕ್ಸಲ್‌ಗೆ, ಅದು ಜಿಎಲ್-5 (ಜಿಎಲ್ ಅಂದರೆ ಗೇರ್ ಆಯಿಲ್ ಎಷ್ಟು ಒತ್ತಡ ತಡೆಯುತ್ತದೆ ಅನ್ನುವ ದರ್ಜೆ). ಜಿ ಇರುವುದು ಗೇರ್‌ಬಾಕ್ಸಿಗೆ, ಅದು ಜಿಎಲ್-4. ಬೇರೆ ಕಂಪನಿಗಳಲ್ಲೂ ಹೀಗೆಯೇ ಜೋಡಿ ಇರುತ್ತದೆ. ಇಂಡಿಯನ್ ಆಯಿಲ್‌ನ ಸರ್ವೋದಲ್ಲಿ ಗೇರ್ ಎಚ್‌ಪಿ ಅಂದರೆ ಜಿಎಲ್-5, ಗೇರ್ ಸೂಪರ್ ಅಂದರೆ ಜಿಎಲ್-4. ಮೊಬಿಲ್‌ನಲ್ಲಿ ಮೊಬಿಲ್ಯೂಬ್ ಎಚ್‌ಡಿ ಜಿಎಲ್-5, ಜಿಎಕ್ಸ್ ಜಿಎಲ್-4. 'ಸೂಪರ್' ಅಂತ ಕಂಡ ತಕ್ಷಣ ಅದೇ ಮೇಲಿನದು ಅಂದುಕೊಂಡು ತಂದರೆ ಕ್ರೌನ್‌ಗೆ ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಕೈಗೆ ಬಂದಿರುತ್ತದೆ.

ನಮ್ಮ ಕಡೆ ಅಂಗಡಿಗೆ ಹೋಗಿ ಎಲ್ಲರೂ ಕೇಳುವುದು "ನೈಂಟಿ ಆಯಿಲ್ ಕೊಡಿ" ಅಂತ. ಅಂಗಡಿಯವರು ಒಳಗಿನಿಂದ ಯಾವುದೋ ಒಂದು ತೊಂಬತ್ತನ್ನು ಕೊಡುತ್ತಾರೆ, ಕೆಲವು ಕಡೆ ಬ್ಯಾರಲ್‌ನಿಂದ ಅಳೆದು ಕೊಡುತ್ತಾರೆ. ಆದರೆ 90 ಅನ್ನುವುದು ಗಟ್ಟಿತನದ ಲೆಕ್ಕ ಮಾತ್ರ. ಅದು ಜಿಎಲ್-4 ಆಗಿರಬಹುದು, ಜಿಎಲ್-5 ಆಗಿರಬಹುದು, ಆ ಸಂಖ್ಯೆ ನೋಡಿದರೆ ಅದು ಗೊತ್ತೇ ಆಗುವುದಿಲ್ಲ. ಒಂದು ಗ್ಯಾರೇಜಿನಲ್ಲಿ, ಹೆಸರು ಬೇಡ, ಹೀಗೆಯೇ ಬ್ಯಾರಲ್‌ನಿಂದ ಜಗ್ಗಿಗೆ ಸುರಿದುಕೊಂಡು ಬಂದರು. ಯಾವ ಆಯಿಲ್ ಅಣ್ಣಾ ಅಂದರೆ "ಎಲ್ಲಾ ಗಾಡಿಗೂ ಇದೇ ಹಾಕೋದು ಸಾರ್" ಅಂದರು. ಜಗ್ಗಿನ ತಳದಲ್ಲಿ ನೀರಿನ ಹನಿಗಳು ಕಾಣುತ್ತಿದ್ದವು. ಬೇಡ ಅಂದು ಗಾಡಿ ತೆಗೆದುಕೊಂಡು ಬಂದೆ. ಸೀಲ್ ಇರುವ ಡಬ್ಬಿ ನೀವೇ ತಂದು, ನಿಮ್ಮ ಎದುರಿಗೇ ಒಡೆಸಿ, ಅಷ್ಟೇ.

ಕ್ರೌನ್‌ಗೆ ಜಿಎಲ್-5 ಯಾಕೆ ಬೇಕು ಅಂತ ಕೇಳುವವರು ತುಂಬಾ ಜನ. ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್ ಎರಡೂ ಹೈಪಾಯ್ಡ್ ಗೇರು. ಅಂದರೆ ಪಿನಿಯನ್ನಿನ ನಡುಗೆರೆ ಕ್ರೌನ್‌ನ ನಡುಗೆರೆಗೆ ನೇರ ಬರುವುದಿಲ್ಲ, ಒಂದಿಷ್ಟು ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಹಲ್ಲಿನ ಮೇಲೆ ಹಲ್ಲು ಬರೀ ಉರುಳುವುದಿಲ್ಲ, ಉದ್ದಕ್ಕೂ ಜಾರಿಕೊಂಡು ಉಜ್ಜುತ್ತದೆ, ಅದೂ ಭಾರೀ ಒತ್ತಡದಲ್ಲಿ. ಅಂಥ ಕಡೆ ಬರೀ ಆಯಿಲ್ ಪದರ ನಿಲ್ಲುವುದಿಲ್ಲ, ಹಿಂಡಿ ಆಚೆ ಹೋಗಿಬಿಡುತ್ತದೆ. ಆಗ ಕೆಲಸಕ್ಕೆ ಬರುವುದು ಆಯಿಲ್‌ಗೆ ಸೇರಿಸಿರುವ ಗಂಧಕ, ರಂಜಕದ ಅಂಶಗಳು. ಬಿಸಿಗೆ ಅವು ಉಕ್ಕಿನ ಮೇಲೆ ಒಂದು ತೆಳು ಪದರ ಕಟ್ಟುತ್ತವೆ, ಹಲ್ಲು ಹಲ್ಲಿಗೆ ಕಚ್ಚದಂತೆ ತಡೆಯುತ್ತವೆ. ಗೇರ್ ಆಯಿಲ್ ಡಬ್ಬಿ ತೆಗೆದಾಗ ಮೂಗಿಗೆ ಹೊಡೆಯುವ ಆ ಕೆಟ್ಟ ವಾಸನೆ ಈ ಗಂಧಕದ್ದೇ. ಜಿಎಲ್-5ರಲ್ಲಿ ಇವು ಜಿಎಲ್-4ಕ್ಕಿಂತ ಜಾಸ್ತಿ.

ಹಾಗಂತ ಜಿಎಲ್-5 ಎಲ್ಲಾ ಕಡೆಗೂ ಒಳ್ಳೆಯದು ಅಂತಲ್ಲ. ಗೇರ್‌ಬಾಕ್ಸಿನ ಒಳಗೆ ಗೇರ್ ಸಲೀಸಾಗಿ ಬೀಳಲು ಹಿತ್ತಾಳೆಯ ಸಿಂಕ್ರೋ ರಿಂಗ್‌ಗಳು ಇರುತ್ತವೆ. ಜಿಎಲ್-5ರ ಗಂಧಕ ಕೆಲವು ಆಯಿಲ್‌ಗಳಲ್ಲಿ ಹಿತ್ತಾಳೆಯನ್ನು ತಿನ್ನುತ್ತದೆ, ಜೊತೆಗೆ ಗೇರ್ ಬೀಳುವುದೂ ಒರಟಾಗಬಹುದು. ಆದ್ದರಿಂದ ಕ್ರೌನ್‌ಗೆ ತಂದು ಮಿಕ್ಕಿದ್ದನ್ನು ಸುಮ್ನೆ ಗೇರ್‌ಬಾಕ್ಸಿಗೆ ಸುರಿಯಬೇಡಿ. ಗೇರ್‌ಬಾಕ್ಸಿಗೆ ಮ್ಯಾನುಯಲ್‌ನಲ್ಲಿ ಏನು ಬರೆದಿದೆಯೋ ಅದೇ.

ಇನ್ನು ಸಂಖ್ಯೆಗಳ ಮಾತು. 80ಡಬ್ಲ್ಯು ಅನ್ನುವುದು ಚಳಿಯ ಅಳತೆ, ಮೈನಸ್ 26 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. 75ಡಬ್ಲ್ಯುಗೆ ಅದು ಮೈನಸ್ 40, 85ಡಬ್ಲ್ಯುಗೆ ಮೈನಸ್ 12. ನಮ್ಮ ಮಲೆನಾಡಿನ ಡಿಸೆಂಬರ್ ಚಳಿ ಇದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಕರ್ನಾಟಕದಲ್ಲೇ ಓಡುವ ಗಾಡಿಗೆ ಮೊದಲ ಸಂಖ್ಯೆ ಹಿಡಿದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಚಳಿಗಾಲದಲ್ಲಿ ಲಡಾಖ್, ಸ್ಪಿತಿ ಕಡೆ ಗಾಡಿ ಒಯ್ಯುವವರಿಗೆ ಮಾತ್ರ 75ಡಬ್ಲ್ಯು-90 ನಿಜವಾಗಿ ಬೇಕು, ಅಲ್ಲಿ ಬೆಳಿಗ್ಗೆ ದಪ್ಪ ಆಯಿಲ್ ಗೇರಿನ ಜೊತೆ ಏಳುವುದೇ ಇಲ್ಲ. ನಮಗೆ ಲೆಕ್ಕಕ್ಕೆ ಬರುವುದು ಕೊನೆಯ 90. ಇದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅನ್ನುವ ಅಳತೆ. ಇಂಜಿನ್ ಆಯಿಲ್‌ನ 40, 50ರ ಜೊತೆ ಇದನ್ನು ಹೋಲಿಸಬೇಡಿ, ಎರಡರ ಅಳತೆಪಟ್ಟಿಯೇ ಬೇರೆ. 90 ಗೇರ್ ಆಯಿಲ್ ಬಿಸಿಯಲ್ಲಿ ಹೆಚ್ಚುಕಮ್ಮಿ 40–50ರ ಇಂಜಿನ್ ಆಯಿಲ್‌ನಷ್ಟೇ ದಪ್ಪ.

85ಡಬ್ಲ್ಯು-140 ಹಾಕಿ ಅನ್ನುವವರು ಸಿಗುತ್ತಾರೆ. ಭಾರ ಹೊರುವ ಲಾರಿಗೆ ಅದು ಸರಿ. ಜಿಪ್ಸಿಯಂಥ ಹಗುರ ಗಾಡಿಗೆ ಅಷ್ಟು ದಪ್ಪ ಹಾಕಿದರೆ ಗೇರು ಅದನ್ನು ಕಲಕುವುದಕ್ಕೇ ಶಕ್ತಿ ಕಳೆಯುತ್ತದೆ, ಪೆಟ್ರೋಲ್ ಸುಮ್ನೆ ಹೋಗುತ್ತದೆ. ಕ್ರೌನ್ ಗುಂಯ್ ಅನ್ನುವ ಹಳೇ ಗಾಡಿಗೆ ಮಾರುವ ಮುಂಚೆ 140 ಹಾಕಿ ಸದ್ದು ಮುಚ್ಚುವುದೂ ಉಂಟು. ಸೆಕೆಂಡ್ ಹ್ಯಾಂಡ್ ಜೀಪ್ ಕೊಂಡವರು ಮೊದಲ ಕೆಲಸವಾಗಿ ಕ್ರೌನ್ ಆಯಿಲ್ ಇಳಿಸಿ, ಸರಿಯಾದ ದಪ್ಪದ ಹೊಸ ಆಯಿಲ್ ಹಾಕಿ, ಆಮೇಲೆ ಕಿವಿಗೊಟ್ಟು ಕೇಳಿ. ಆಗ ನಿಜವಾದ ಸದ್ದು ಗೊತ್ತಾಗುತ್ತದೆ.

ಸಿಂಥೆಟಿಕ್ ಬೇಡವಾ ಅಂತ ಸ್ನೇಹಿತರು ಕೇಳುತ್ತಾರೆ. ಮೋಟುಲ್ ಗೇರ್ 300 ಥರದ್ದು ನಿಜಕ್ಕೂ ಒಳ್ಳೆಯ ಆಯಿಲ್, ಬಿಸಿಗೆ ಬೇಗ ಕೆಡುವುದಿಲ್ಲ. ಆದರೆ ಬೆಲೆ ಸಾಮಾನ್ಯ ಮಿನರಲ್ ಆಯಿಲ್‌ನ ಹಲವು ಪಟ್ಟು. ನಮ್ಮ ಕಡೆ ಕ್ರೌನ್ ಆಯಿಲ್ ಹಾಳಾಗುವುದು ಬಿಸಿಯಿಂದಲ್ಲ, ನೀರಿನಿಂದ. ಹಳ್ಳದ ನೀರು ಒಳಗೆ ಹೋದರೆ ಸಿಂಥೆಟಿಕ್ಕೂ ಒಂದೇ, ಮಿನರಲ್ಲೂ ಒಂದೇ, ಎರಡನ್ನೂ ಇಳಿಸಿ ಚೆಲ್ಲಲೇಬೇಕು. ದುಬಾರಿ ಆಯಿಲ್ ಹಾಕಿದವರಿಗೆ ಅದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ, ಇನ್ನೊಂದಿಷ್ಟು ದಿನ ಓಡಲಿ ಅಂತ ಬಿಡುತ್ತಾರೆ. ಬೇರಿಂಗ್ ಹೋಗುವುದು ಆಗಲೇ. ಸಾಮಾನ್ಯ ಬೆಲೆಯ ಜಿಎಲ್-5 ಹಾಕಿ, ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸಿ. ನಾನು ಈ ಸ್ಪಿರಾಕ್ಸ್ ಆರಿಸಿಕೊಂಡ ಕಾರಣವೇ ಇದು.

ಈಗ ಆಯಿಲ್ ಹೇಗಿತ್ತು ಅಂದರೆ, ಹಾಕುವಾಗ ತಿಳಿ ಕಂದು ಬಣ್ಣ, ವಾಸನೆ ಮಾಮೂಲು. ಗಾಡಿಯ ಸದ್ದಿನಲ್ಲಿ ಏನೂ ಬದಲಾವಣೆ ಇಲ್ಲ, ಮೊದಲೂ ಸದ್ದಿರಲಿಲ್ಲ. ಆಯಿಲ್ ಬದಲಿಸಿದ ತಕ್ಷಣ ಗಾಡಿ ಬೆಣ್ಣೆಯಂತೆ ಓಡಿತು ಅನ್ನುವವರನ್ನು ನಾನು ನಂಬುವುದಿಲ್ಲ. ಹೈವೇಯಲ್ಲಿ ದೂರ ಓಡಿಸಿ ನಿಲ್ಲಿಸಿ ಕ್ರೌನ್‌ನ ಹೌಸಿಂಗ್ (ಹೊರಗಿನ ಕವಚ) ಮೇಲೆ ಕೈ ಇಟ್ಟರೆ ಬಿಸಿ ಇತ್ತು, ಆದರೆ ಕೈ ಇಡಲಾಗದಷ್ಟು ಅಲ್ಲ. ಮಳೆಗಾಲದ ನಂತರ ಇಳಿಸಿದಾಗ ಹಿಂದಿನ ಕ್ರೌನ್‌ನದು ಕಪ್ಪಾಗಿತ್ತು, ಆದರೆ ಬೆರಳಿಗೆ ಹಚ್ಚಿ ಉಜ್ಜಿದರೆ ಇನ್ನೂ ಜಿಡ್ಡು, ಜಾರುತ್ತಿತ್ತು. ಲೋಹದ ಚೂರು ಇರಲಿಲ್ಲ, ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಷ್ಟೇ. ಆ ಪೇಸ್ಟ್ ಮಾಮೂಲು, ಹೆದರಬೇಡಿ. ಕಣ್ಣಿಗೆ ಕಾಣುವ ಚೂರು ಸಿಕ್ಕರೆ ಮಾತ್ರ ಕ್ರೌನ್ ಬಿಚ್ಚಿಸಲೇಬೇಕು.

ಒಂದು ಕೊರತೆ ಹೇಳುವುದಾದರೆ, ನಮ್ಮ ತಾಲ್ಲೂಕಿನ ಸಣ್ಣ ಅಂಗಡಿಗಳಲ್ಲಿ ಇದು ಸುಲಭಕ್ಕೆ ಸಿಗುವುದಿಲ್ಲ. ಸರ್ವೋ ಆದರೆ ಇಂಡಿಯನ್ ಆಯಿಲ್ ಬಂಕಿನಲ್ಲೇ ಕೇಳಬಹುದು. ಸ್ಪಿರಾಕ್ಸ್ ಸಿಗದಿದ್ದರೆ ಸರ್ವೋ ಗೇರ್ ಎಚ್‌ಪಿ 80ಡಬ್ಲ್ಯು-90 ಹಾಕಿ, ನನಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಿಸಿಲ್ಲ.

ಬದಲಿಸುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಒಂದಿಷ್ಟು ದೂರ ಓಡಿಸಿ ಬನ್ನಿ, ಬಿಸಿ ಆದರೆ ಆಯಿಲ್ ಬೇಗ ಇಳಿಯುತ್ತದೆ, ಕೊಳೆಯೂ ಜೊತೆಗೆ ಬರುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮೊದಲು ಮೇಲಿನ, ಆಯಿಲ್ ತುಂಬುವ ಬೋಲ್ಟನ್ನು ಬಿಚ್ಚಿ, ಅದು ಬಂದ ಮೇಲೇ ಕೆಳಗಿನದಕ್ಕೆ ಪಾನಾ ಹಾಕಿ. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ, ಕೆಳಗಿನದು ಬಿಚ್ಚಿ ಆಯಿಲ್ ಎಲ್ಲಾ ಹೋದ ಮೇಲೆ ತುಂಬುವುದು ಹೇಗೆ ಹೇಳಿ? ಗಾಡಿ ಅಲ್ಲೇ ನಿಲ್ಲುತ್ತದೆ. ಎರಡೂ ಬೋಲ್ಟಿನ ಸುತ್ತ ಕೆಸರು ಕೆರೆದು ಒರೆಸಿದ ಮೇಲೆ ಬಿಚ್ಚಿ, ಮರಳಿನ ಕಣ ಒಳಗೆ ಹೋದರೆ ಕೆಲಸ ಕೆಟ್ಟಿತು. ಮತ್ತೆ ತುಂಬುವಾಗ ಲೀಟರ್ ಲೆಕ್ಕ ಹಿಡಿಯಬೇಡಿ. ಒಂದೊಂದಕ್ಕೆ ಎರಡು ಲೀಟರ್ ಆಸುಪಾಸು ಹಿಡಿಯುತ್ತದೆ, ಐದು ಲೀಟರ್ ತಂದಿಟ್ಟುಕೊಂಡರೆ ನಡುವೆ ಅಂಗಡಿಗೆ ಓಡುವುದು ತಪ್ಪುತ್ತದೆ. ಮೇಲಿನ ತೂತಿನ ಅಂಚಿಗೆ ಬಂದು ತೆಳ್ಳಗೆ ಹೊರಗೆ ಸುರಿಯಲು ಶುರುವಾದರೆ ತುಂಬಿತು ಅಂತ ಅರ್ಥ, ಸುರಿಯುವುದು ನಿಂತ ಮೇಲೆ ಬೋಲ್ಟ್ ಹಾಕಿ. ಗಾಡಿಯನ್ನು ಒಂದು ಕಡೆ ಜಾಕ್ ಎತ್ತಿ ಇನ್ನಷ್ಟು ತುಂಬಿಸುವವರಿದ್ದಾರೆ. ಜಾಸ್ತಿ ಆದದ್ದು ಆಕ್ಸಲ್ ಸೀಲ್ ದಾಟಿ ಹಿಂದಿನ ಬ್ರೇಕ್ ಡ್ರಮ್ಮಿಗೆ ಹೋಗುತ್ತದೆ, ಲೈನರ್ ಹಾಳು, ಬ್ರೇಕೂ ಹಿಡಿಯುವುದಿಲ್ಲ.

ನೀರಿನ ವಿಷಯ ಬಿಡಿಸಿ ಹೇಳಬೇಕು. ಓಡಿ ಬಂದ ಕ್ರೌನ್ ಬಿಸಿ ಇರುತ್ತದೆ, ಒಳಗಿನ ಗಾಳಿಯೂ ಬಿಸಿ. ಹಾಗೇ ತಣ್ಣನೆ ಹಳ್ಳಕ್ಕೆ ಇಳಿದರೆ ಆ ಗಾಳಿ ಥಟ್ಟನೆ ಕುಗ್ಗುತ್ತದೆ, ಹೊರಗಿನಿಂದ ಎಳೆದುಕೊಳ್ಳುತ್ತದೆ. ಹೌಸಿಂಗ್ ಮೇಲಿನ ಬ್ರೀದರ್, ಅಂದರೆ ಗಾಳಿ ಆಡುವ ಸಣ್ಣ ಕೊಳವೆ, ಸರಿ ಇದ್ದು ನೀರಿಗಿಂತ ಮೇಲಿದ್ದರೆ ಗಾಳಿ ಎಳೆಯುತ್ತದೆ, ಕೆಸರು ಕಟ್ಟಿ ಮುಚ್ಚಿಹೋಗಿದ್ದರೆ ಸೀಲ್‌ಗಳ ಅಂಚಿನಿಂದ ನೀರನ್ನೇ ಎಳೆಯುತ್ತದೆ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತಲೇ. ಆಗ ಕಿಲೋಮೀಟರ್ ಎಷ್ಟಾಯಿತು ಅಂತ ನೋಡಬೇಡಿ, ತಕ್ಷಣ ಇಳಿಸಿ. ಆಳದ ನೀರು ದಾಟಿ ಬಂದರೆ ರಾತ್ರಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ ನೋಡಿ. ನೀರು ಭಾರ, ತಳದಲ್ಲಿ ಕೂತಿರುತ್ತದೆ, ಮೊದಲು ಅದೇ ತೊಟ್ಟಿಕ್ಕುತ್ತದೆ. ನಾನು ಬ್ರೀದರ್‌ಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾಡಿಯ ಮೇಲಿನವರೆಗೆ ತಂದು ಕಟ್ಟಿದ್ದೇನೆ. ಈ ಸಲ ಹಿಂದಿನ ಆಯಿಲ್‌ನಲ್ಲಿ ನೀರು ಇರದಿದ್ದದ್ದಕ್ಕೆ ಆಯಿಲ್‌ಗಿಂತ ಆ ಪೈಪಿಗೇ ಜಾಸ್ತಿ ಶ್ರೇಯ.

ಮುಂದಿನ ಕ್ರೌನ್ ಮರೆಯುವವರೇ ಹೆಚ್ಚು. ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ, ಬಿಡಿಸುವ ಲಾಕ್) ಬಿಟ್ಟು ಟೂ ವೀಲ್‌ನಲ್ಲೇ ಓಡಿಸಿದರೆ ಅದು ತಿರುಗುವುದೇ ಇಲ್ಲ, ಆಯಿಲ್ ಹಾಳಾಗುವುದೇನು ಅನ್ನುತ್ತಾರೆ. ತಿರುಗದಿದ್ದರೂ ನೀರಿಗೆ ಇಳಿಯುವುದು ಅದೂ ತಾನೇ? ಜಿಪ್ಸಿಯ ಮುಂದಿನ ಚಕ್ರದ ಒಳಗೆ ಗುಂಡನೆ ನಕಲ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಇದೆಯಲ್ಲ, ಅಲ್ಲಿ ಗ್ರೀಸ್ ಜೊತೆ ತೆಳು ಆಯಿಲ್ ಸೋರುತ್ತಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿದೆ, ಕ್ರೌನ್ ಆಯಿಲ್ ಅಲ್ಲಿಗೆ ಬರುತ್ತಿದೆ. ದಪ್ಪ ಆಯಿಲ್ ಹಾಕಿದರೆ ನಿಲ್ಲುವುದಿಲ್ಲ, ಸೀಲ್ ಬದಲಿಸಲೇಬೇಕು.

ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ (ಒಂದೇ ಚಕ್ರ ಸುಮ್ನೆ ತಿರುಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯವರು ಈ ಆಯಿಲ್ ತರುವ ಮುಂಚೆ ಮ್ಯಾನುಯಲ್ ತೆಗೆದು ನೋಡಿ. ಕ್ಲಚ್ ಪ್ಲೇಟ್ ಇರುವ ಕೆಲವಕ್ಕೆ ಫ್ರಿಕ್ಷನ್ ಮಾಡಿಫೈಯರ್ (ಉಜ್ಜಾಟ ಹದಮಾಡುವ ಅಂಶ) ಸೇರಿಸಿದ ಆಯಿಲ್ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕಟಕಟ ಅನ್ನುತ್ತದೆ.

ಇಳಿಸಿದ ಹಳೇ ಆಯಿಲನ್ನು ತೋಟದ ಚರಂಡಿಗೆ, ಹಳ್ಳಕ್ಕೆ ದಯವಿಟ್ಟು ಸುರಿಯಬೇಡಿ. ಅದೇ ಖಾಲಿ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದು ದೊಡ್ಡ ಗ್ಯಾರೇಜಿಗೆ ಕೊಡಿ, ಅವರ ಹತ್ತಿರ ಹಳೇ ಆಯಿಲ್ ಕೊಳ್ಳುವವರು ಬರುತ್ತಾರೆ.