ಬೆಳಗಾವಿಯಲ್ಲಿ ಮಹಿಳೆಯರಿಗೆ ಚುನಾವಣಾ ತರಬೇತಿ: ನನ್ನ ಅನುಭವ

ಪಂಚಾಯಿತಿ ಚುನಾವಣೆಗೆ ನಿಲ್ಲಬೇಕು ಅನ್ನುವ ಹೆಣ್ಣುಮಕ್ಕಳಿಗಾಗಿ ಬೆಳಗಾವಿಯಲ್ಲಿ ಒಂದು ಸಂಸ್ಥೆ ನಡೆಸಿದ ಎರಡು ದಿನದ ತರಬೇತಿಗೆ ಹೋಗಿದ್ದೆ. ಸುಮ್ನೆ ಭಾಷಣ ಇರಲಿಲ್ಲ. ನಾಮಪತ್ರ ತುಂಬುವುದು, ಖರ್ಚಿನ ಲೆಕ್ಕ ಇಡುವುದು, ಎಲ್ಲ ಕೈಯಾರೆ ಮಾಡಿಸಿದರು. ನನಗೆ ಜಾಸ್ತಿ ಇಷ್ಟವಾಗಿದ್ದು ಅಣಕು ಗ್ರಾಮಸಭೆ. ಖಾನಾಪುರ ಕಡೆಯ ಒಬ್ಬ ಅಕ್ಕ, ಮೊದಲ ದಿನ ಹೆಸರು ಹೇಳೋಕೂ ತಡವರಿಸಿದವರು, ಮರುದಿನ ಮೈಕ್ ಹಿಡಿದು ಕುಡಿಯುವ ನೀರಿನ ದುಡ್ಡು ಎಲ್ಲಿ ಹೋಯಿತು ಅಂತ ಕೇಳಿದಾಗ ನನ್ನ ಕಣ್ಣು ತುಂಬಿ ಬಂತು.

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಮಹಿಳೆಯರಿಗೇ ಇದೆ. ಆದರೆ 2023ರಲ್ಲಿ ವಿಧಾನಸಭೆಯ 224 ಸೀಟುಗಳಲ್ಲಿ ಗೆದ್ದ ಮಹಿಳೆಯರು ಬರೀ 10. ಅವರಲ್ಲಿ ಲಕ್ಷ್ಮೀ ಹೆಬ್ಬಾಳ್ಕರ್, ಶಶಿಕಲಾ ಜೊಲ್ಲೆ ನಮ್ಮ ಜಿಲ್ಲೆಯಿಂದ ಗೆದ್ದವರು. ಪಂಚಾಯಿತಿಯಿಂದ ಮೇಲಕ್ಕೆ ಹೋಗುವ ದಾರಿಗೆ ಅರ್ಧ ಗಂಟೆ ಕೊಟ್ಟರು, ಸಾಲದು. ಹೆಂಡತಿ ಗೆದ್ದ ಮೇಲೆ ಗಂಡನೇ ಕುರ್ಚಿಯಲ್ಲಿ ಕೂರುವ ವಿಷಯವನ್ನು ಇನ್ನೂ ಗಟ್ಟಿಯಾಗಿ ಮಾತಾಡಬೇಕಿತ್ತು, ಅಲ್ವಾ? ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲಿಲ್ಲ, ಇಬ್ಬರು ತಾಯಂದಿರು ಮಧ್ಯಾಹ್ನವೇ ಎದ್ದು ಹೋದರು, ತುಂಬಾ ಬೇಜಾರಾಯಿತು. ಊಟಕ್ಕೆ ಜೋಳದ ರೊಟ್ಟಿ, ಚೆನ್ನಾಗಿತ್ತು. ಮುಂದಿನ ಬ್ಯಾಚಿಗೆ ನಾದಿನಿಯನ್ನೂ ಕಳಿಸುತ್ತೇನೆ.